ನಾಯಿ ಮಸಿ, ಗಂಟೆ ಮಸಿ, ಮಳೆಬೆರಳು

ಕೇಪಿನ ಕೋವಿಗೆ ಹಾಕುವ ಮದ್ದನ್ನು ನಮ್ಮ ಕಡೆ ಮಸಿ ಅಂತಲೇ ಕರೆಯುವುದು. ಪಾತ್ರೆಯ ತಳದ ಮಸಿಗೂ ಅದಕ್ಕೂ ಸಂಬಂಧವಿಲ್ಲ, ಬಣ್ಣ ಒಂದೇ ಅಷ್ಟೆ. ನಾನು ಸಾಗರದಲ್ಲಿ ಕೋವಿ ರಿಪೇರಿಯ ಕುಲುಮೆ ಇಟ್ಟುಕೊಂಡಿದ್ದ ಕಾಲಕ್ಕೆ ಎರಡು ಥರದ ಮಸಿ ನನ್ನ ಕೈಮೇಲೆ ಆಡಿಹೋದವು. ಮೊದಲನೆಯದು ಕೆಂಪು ತಗಡಿನ ಡಬ್ಬಿಯಲ್ಲಿ ಹೊರದೇಶದಿಂದ ಬರುತ್ತಿದ್ದದ್ದು. ಡಬ್ಬಿಯ ಮೇಲೆ ಬಾತುಕೋಳಿಯನ್ನು ಕಚ್ಚಿಕೊಂಡು ನಿಂತ ಒಂದು ನಾಯಿಯ ಚಿತ್ರ. ಕೆಳಗೆ ಇಂಗ್ಲಿಷಿನಲ್ಲಿ ಏನೋ ಹೆಸರಿತ್ತು. ಅದನ್ನು ಓದಲು ನಮಗ್ಯಾರಿಗೂ ಬರುತ್ತಿರಲಿಲ್ಲ, ಓದಬೇಕಾಗಿಯೂ ಇರಲಿಲ್ಲ. ‘ನಾಯಿ ಮಸಿ’ ಅಂದರೆ ಸಾಗರದಿಂದ ತೀರ್ಥಹಳ್ಳಿಯವರೆಗೆ ಕೋವಿ ಇದ್ದವರಿಗೆಲ್ಲ ತಿಳಿಯುತ್ತಿತ್ತು. ಎರಡನೆಯದು ಆಮೇಲೆ ಬಂದ ನಮ್ಮ ದೇಶದ್ದೇ ಮಸಿ. ದಪ್ಪ ಕಾಗದದ ಪೊಟ್ಟಣ, ಮೇಲೆ ನೀಲಿ ಶಾಯಿಯಲ್ಲಿ ಒಂದು ಗಂಟೆಯ ಗುರುತು. ಅದು ‘ಗಂಟೆ ಮಸಿ’ ಆಯಿತು.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅಪ್ಪ ತೀರಿಕೊಂಡ ವರ್ಷ ತೀರ್ಥಹಳ್ಳಿಯಿಂದ ಸೋದರಮಾವ ಬಂದು ನನ್ನನ್ನು ತಮ್ಮ ಕುಲುಮೆಗೆ ಕರೆದುಕೊಂಡು ಹೋದರು. ತಿದಿ ಒತ್ತುವುದರಿಂದ ಹಿಡಿದು ನಳಿಗೆಗೆ ತಿರುಪು ಕೊರೆಯುವವರೆಗೆ ಎಲ್ಲ ಕಲಿತದ್ದು ಅಲ್ಲೇ. ಹೇಳಿಕೊಳ್ಳುವುದಲ್ಲ, ಸಾಗರಕ್ಕೆ ಬಂದು ಸ್ವಂತ ಕುಲುಮೆ ಹಾಕಿದ ಎರಡೇ ವರ್ಷದಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲೂಕಿನ ಕೋವಿಗಳು ನನ್ನ ಬಾಗಿಲಿಗೆ ಬರತೊಡಗಿದವು. ನನ್ನ ಕೈಯಲ್ಲಿ ರಿಪೇರಿಯಾದ ಕೋವಿ ಹಿಡಿದವನಿಗೆ ಒಂದು ಗೀರೂ ಆಗಿಲ್ಲ ಎನ್ನುವುದೇ ನನ್ನ ಬೋರ್ಡು. ಬೇರೆ ಬೋರ್ಡು ಇರಲಿಲ್ಲ.

ಕೇಪಿನ ಕೋವಿ ಕಾಣದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಇದಕ್ಕೆ ತೋಟಾ ಇಲ್ಲ. ನಳಿಗೆಯ ಬಾಯಿಂದಲೇ ಮಸಿ ಸುರಿದು, ತೆಂಗಿನ ಕತ್ತದ ಉಂಡೆ ಇಟ್ಟು, ಗುಂಡನ್ನೋ ಸಣ್ಣ ಚರೆಯನ್ನೋ ಹಾಕಿ, ಗಜ ಅನ್ನುವ ಉದ್ದನೆಯ ಸರಳಿನಲ್ಲಿ ಜಡಿಯಬೇಕು. ಹಿಂಬದಿಯಲ್ಲಿ ಕೇಪು ಅನ್ನುವ ಪುಟ್ಟ ಸಿಡಿಮದ್ದಿನ ಟೊಪ್ಪಿ ಕೂರಿಸಿ, ಕುದುರೆ ಅನ್ನುವ ಕೊಂಡಿ ಎಳೆದರೆ ಅದು ಸಿಡಿದು ಒಳಗಿನ ಮಸಿಗೆ ಬೆಂಕಿ ಹಿಡಿಸುತ್ತದೆ. ಎಷ್ಟು ಮಸಿ ಬಿತ್ತು ಅಂತ ಹೇಳುವುದೂ ಆ ಗಜವೇ. ಬರಿದಾದ ನಳಿಗೆಯಲ್ಲಿ ಇಳಿಸಿದರೆ ಗಜದ ತುದಿ ಬಾಯಿಗೆ ಸಮ ನಿಲ್ಲುತ್ತದೆ. ತುಂಬಿದ ಮೇಲೆ ಇಳಿಸಿದರೆ ಒಳಗಿರುವಷ್ಟು ಮೇಲಕ್ಕೆ ಚಾಚಿಕೊಳ್ಳುತ್ತದೆ. ಆ ಚಾಚಿದ ಭಾಗಕ್ಕೆ ಬಲಗೈಯ ಬೆರಳನ್ನು ಅಡ್ಡ ಹಿಡಿದು ನೋಡುವುದು. ನಾಲ್ಕು ಬೆರಳು ಬಂದರೆ ಈಡು ಸರಿಯಾಯಿತು. ಮಳೆಗಾಲದಲ್ಲಿ ಮಾತ್ರ, ಮಸಿ ಥಂಡಿ ಕುಡಿದು ಬಲ ಕಳಕೊಂಡಿರುತ್ತದೆ ಅಂತ, ಎಡಗೈಯ ಒಂದು ಬೆರಳನ್ನು ಮೇಲೆ ಸೇರಿಸುತ್ತಿದ್ದರು. ಅದರ ಹೆಸರು ಮಳೆಬೆರಳು. ಮಳೆ ಹೋಗುತ್ತಿದ್ದ ಹಾಗೆ ಅದು ಇಳಿಯಬೇಕು, ಅದು ನಿಯಮ.

ನಾಯಿ ಮಸಿಯನ್ನು ನೆನೆದರೆ ಈಗಲೂ ಅಂಗೈಯಲ್ಲಿ ನವೆಯಾಗುತ್ತದೆ. ಡಬ್ಬಿಯ ಮುಚ್ಚಳ ತಿರುಗಿಸಿ ಒಂದು ಚಿಟಿಕೆ ಅಂಗೈಗೆ ಹಾಕಿಕೊಂಡರೆ ರಾಗಿಕಾಳಿನ ಹಾಗೆ ಉರುಳುತ್ತಿತ್ತು. ಕರೀ ರಾಗಿ. ಬಿಸಿಲಿಗೆ ಹಿಡಿದರೆ ಹೊಳಪು. ಉಜ್ಜಿದರೆ ಕೈಗೆ ಅಂಟುತ್ತಿರಲಿಲ್ಲ. ಈಡು ಹಾರಿಸಿದರೆ ಹೆಗಲಿಗೆ ಯಾರೋ ಪರಿಚಯದವರು ‘ಏನಯ್ಯಾ’ ಅಂತ ತಳ್ಳಿದ ಹಾಗೆ ಒಂದು ದೂಡು, ಅಷ್ಟೆ. ಆಮೇಲೆ ಬೆಳ್ಳನೆ ಹೊಗೆ. ಗಾಳಿ ಇಲ್ಲದ ದಿನ ಆ ಹೊಗೆ ಗದ್ದೆಯ ಬದುವಿನ ಮೇಲೆ ಮಂಜಿನಂತೆ ಕೂತೇ ಇರುತ್ತಿತ್ತು, ಹಂದಿ ಬಿತ್ತೋ ಓಡಿತೋ ಅಂತ ನೋಡಲು ಅದು ಏಳುವವರೆಗೆ ಕಾಯಬೇಕು. ನಳಿಗೆಯೊಳಗೆ ಕೂತ ಕಿಟ್ಟ ಎರಡು ಚೊಂಬು ಬಿಸಿನೀರಿಗೆ ಇಳಿದುಹೋಗುತ್ತಿತ್ತು. ಡಬ್ಬಿ ಖಾಲಿಯಾದ ಮೇಲೆ ಹೆಂಗಸರು ಅದಕ್ಕೆ ಜಗಳ ಆಡುತ್ತಿದ್ದರು, ಸಾಸಿವೆ ಹಾಕಿಡಲು ಅಷ್ಟು ಬಿಗಿಯಾದ ಡಬ್ಬಿ ಬೇರೆ ಇರಲಿಲ್ಲ.

ಚೀನಾ ಯುದ್ಧವಾದ ಮೇಲೆ ಹೊರಗಿನ ಮಾಲು ಕಮ್ಮಿಯಾಗುತ್ತಾ ಬಂದು ನಾಯಿ ಮಸಿ ನಿಂತೇಹೋಯಿತು. ಹೊಸನಗರದ ಲೈಸನ್ಸು ಅಂಗಡಿಯಲ್ಲಿ ಗಂಟೆ ಮಸಿ ಬಂದಿದೆ ಅಂತ ಕೇಳಿ ನಾನು ಆಷಾಢದ ಜಡಿಮಳೆಯಲ್ಲಿ ಹೋಗಿ ಒಂದು ಪೊಟ್ಟಣ ತಂದೆ. ಬಿಚ್ಚಿ ನೋಡಿದರೆ ಮನಸ್ಸು ಮುದುಡಿತು. ಸಣ್ಣ ರವೆಯಂತೆ ನುಣ್ಣಗೆ, ಹೊಳಪಿಲ್ಲ, ಉಜ್ಜಿದರೆ ಅಂಗೈ ಪೂರಾ ಕಪ್ಪು. ಕುಲುಮೆಯ ಹಿಂದೆ ಹೋಗಿ ನಾಲ್ಕು ಬೆರಳು ತುಂಬಿ ಹಾರಿಸಿದೆ. ಕೇಪು ಟಪ್ ಅಂದಿತು, ಒಳಗಿನ ಮಸಿ ಒದ್ದೆ ಕಟ್ಟಿಗೆಯಂತೆ ಸುಸ್ಸ್ ಅಂತ ಉಸಿರು ಬಿಟ್ಟಿತು, ಚರೆ ಹತ್ತು ಮಾರು ದೂರದಲ್ಲಿ ಉದುರಿಬಿತ್ತು.

ಅಲ್ಲೇ ಕಟ್ಟೆಯ ಮೇಲೆ ಕೂತಿದ್ದ ಗಿರಾಕಿಯೊಬ್ಬ ನಕ್ಕ. “ಇದೇನು ಆಚಾರ್ರೆ, ಕೋವಿ ಸೀನ್ತಾ ಹೆಂಗೆ?”

“ಸತ್ತ ಮಸಿ ಮಾರಾಯ. ಇದಕ್ಕೆ ನಾಲ್ಕು ಬೆರಳು ಸಾಲೋದಿಲ್ಲ. ಮಳೆಗಾಲ ಇರಲಿ, ಬೇಸಿಗೆ ಇರಲಿ, ಐದು ಹಾಕ್ಬೇಕು.”

ಇಷ್ಟೇ ನಾನು ಮಾಡಿದ ಪರೀಕ್ಷೆ. ಆ ದಿನ ಬಸ್ಸಿನಲ್ಲಿ ನನ್ನ ಪಕ್ಕದ ಕಿಟಕಿಯ ಟಾರ್ಪಾಲು ಹರಿದಿತ್ತು, ಸಂಚಿ ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ನೆನೆದಿದ್ದೆ. ನಾಯಿ ಮಸಿಯಾದರೆ ತಗಡಿನ ಡಬ್ಬಿಯಲ್ಲಿ ಬೆಚ್ಚಗಿರುತ್ತಿತ್ತು, ಇದು ಕಾಗದ. ನಾನು ಪರೀಕ್ಷೆ ಮಾಡಿದ್ದು ಗಂಟೆ ಮಸಿಯನ್ನಲ್ಲ, ಬಸ್ಸಿನ ಟಾರ್ಪಾಲನ್ನು. ಆದರೆ ಆ ಯೋಚನೆ ಅವತ್ತು ಬರಲಿಲ್ಲ. ಹಳೆಯದು ಒಳ್ಳೆಯದು, ಹೊಸದು ಕೆಟ್ಟದು ಅನ್ನುವುದು ಮೊದಲೇ ಮನಸ್ಸಿನಲ್ಲಿ ಕೂತಿತ್ತು. ಆ ಸುಸ್ಸ್ ಅನ್ನುವ ಸದ್ದು ಅದಕ್ಕೆ ಸಾಕ್ಷಿ ಹೇಳಿತು. ಬಂದ ಗಿರಾಕಿಗಳಿಗೆಲ್ಲ ಅದನ್ನೇ ಹೇಳುತ್ತಾ ಹೋದೆ. ಆಚಾರ್ರು ಹೇಳಿದ ಮೇಲೆ ಮುಗಿಯಿತು ಅನ್ನುವ ಕಾಲ ಅದು.

ಆ ಮಳೆಗಾಲದಲ್ಲೇ ಬ್ಯಾಕೋಡಿನ ಕಡೆಯಿಂದ ಒಬ್ಬ ಅಮ್ಮ ಕೋವಿ ಹೊತ್ತುಕೊಂಡು ಬಂದಳು. ಐವತ್ತು ದಾಟಿದ ವಿಧವೆ. ಅಣೆಕಟ್ಟಿನ ಹಿನ್ನೀರು ಕೆಳಗಿನ ಗದ್ದೆಯನ್ನೆಲ್ಲ ನುಂಗಿದ ಮೇಲೆ ಗುಡ್ಡದ ಬುಡದಲ್ಲಿ ಉಳಿದ ಒಂದು ತುಂಡು ಗದ್ದೆ ಮಾಡಿಕೊಂಡಿದ್ದಳು. ಬೇಲಿ ದಾಟಿದರೆ ಕಾಡು. ಗಂಡನ ಹೆಸರಿನ ಲೈಸನ್ಸನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಆಫೀಸಿನ ಮೆಟ್ಟಿಲು ಹತ್ತಿ ಹತ್ತಿ, ಕೊನೆಗೆ ಸಾಹೇಬರೇ ಸೋತು ಸಹಿ ಹಾಕಿದರಂತೆ. ಕೋವಿ ಅವಳ ಮಾವನ ಕಾಲದ್ದು. ಹಿಂಬದಿಯ ತಿರುಪು ಸವೆದು ಹೊಗೆ ಕಣ್ಣಿಗೆ ಬರುತ್ತಿತ್ತು. ನಾನು ಹಳೇ ತಿರುಪು ಕಿತ್ತು ಹೊಸದು ಕೂರಿಸಿದೆ. ನಳಿಗೆಯೂ ಸವೆದು ತೆಳ್ಳಗಾಗಿತ್ತು. ಇನ್ನೊಂದು ಹತ್ತು ವರ್ಷ ಜೋಪಾನವಾಗಿ ನಡೆಸಬಹುದು ಅಂತ ಹೇಳಿ ಕೊಟ್ಟೆ.

“ಮಸಿ ಯಾವ್ದು ಹಾಕ್ತೀರಿ ಅಮ್ಮಾ?”

“ಯಾವ್ದು ಸಿಕ್ತದೆ? ಗಂಟೆ ತಗಂಡೀನಿ.”

“ಅದ್ರಲ್ಲಿ ಜೀವ ಇಲ್ಲ. ನಾಲ್ಕು ಬೆರಳಿನ ಮೇಲೆ ಮಳೆಬೆರಳು ಇಟ್ಕೊಳ್ಳಿ. ಮಳೆ ಹೋದ್ರೂ ಇಳಿಸ್ಬೇಡಿ.”

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಹಂದಿ ಸಾಯ್ಬೇಕು ಆಚಾರಿ, ನಾನಲ್ಲ.”

“ನನ್ನ ಕೈಯಲ್ಲಿ ಹೋದ ಕೋವಿ ಯಾರ್ನೂ ಸಾಯ್ಸಿಲ್ಲ” ಅಂತ ನಾನೂ ಎದೆ ಉಬ್ಬಿಸಿ ಹೇಳಿದೆ.

ಭಾದ್ರಪದದಲ್ಲಿ, ಚೌತಿ ಕಳೆದ ಮೇಲೆ, ಒಂದು ವಾರ ಬಿಸಿಲು ಬಂತು. ಮಾವನನ್ನು ನೋಡಿಕೊಂಡು ಬರೋಣ ಅಂತ ತೀರ್ಥಹಳ್ಳಿಗೆ ಹೋದೆ. ಮಾವನಿಗೆ ಆಗ ಕಣ್ಣು ಮಬ್ಬಾಗಿತ್ತು, ಆದರೂ ಕುಲುಮೆ ಬಿಟ್ಟಿರಲಿಲ್ಲ. ಊಟವಾದ ಮೇಲೆ ನಾನು ಗಂಟೆ ಮಸಿಯನ್ನು ಬೈಯಲು ಶುರು ಮಾಡಿದೆ. ನಾಯಿ ಮಸಿಯ ಹೊಗಳಿಕೆಯಲ್ಲಿ ಅವರೂ ಸೇರಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಾ ಕೂತಿದ್ದರು.

“ಎಷ್ಟು ಸಲ ಹಾರ್ಸಿದ್ಯೋ?”

“ಒಂದು ಸಲ.”

“ಒಂದು ಸಲ ನೋಡಿ ಹೆಣ್ಣು ಒಪ್ಕೋತಾರೆ, ಮಸಿ ಒಪ್ಕೊಳ್ಳೋದಿಲ್ಲ. ಏಳು.”

ಹಿತ್ತಿಲಲ್ಲಿ ಗುಡ್ಡ ಕಡಿದು ಉಳಿದ ಎತ್ತರದ ಮಣ್ಣಿನ ಧರೆ ಇತ್ತು, ಆಚೆ ಜನ ಓಡಾಡುವ ಜಾಗವಲ್ಲ. ಆ ಧರೆಗೆ ಒರಗಿಸಿ ಮೂರು ಹಲಸಿನ ಹಲಗೆಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿದರು. ಒಳಗಿನಿಂದ ಎರಡು ಮಸಿ ತಂದರು. ಒಂದು ಅವರು ಜೋಪಾನ ಮಾಡಿಟ್ಟಿದ್ದ ಕೊನೆಯ ನಾಯಿ ಡಬ್ಬಿ, ಇನ್ನೊಂದು ಒಲೆಯ ಮೇಲಿನ ಅಟ್ಟದಲ್ಲಿ, ಕೆಂಡದ ಕಿಡಿ ತಾಗದಷ್ಟು ಮೇಲೆ, ಹೊಗೆ ಕುಡಿದು ಬೆಚ್ಚಗೆ ಕೂತಿದ್ದ ಗಂಟೆ ಪೊಟ್ಟಣ. ಕೋವಿಯನ್ನು ಹಳೇ ಗಾಡಿಯ ಮೂಕಿಗೆ ಬಿಗಿದು ಕಟ್ಟಿ, ಅದರ ಕುದುರೆಗೆ ಹಗ್ಗ ಹಾಕಿ, ನಾವಿಬ್ಬರೂ ಗೋಡೆಯ ಮರೆಗೆ ನಿಂತು ಎಳೆದೆವು. ಮೊದಲು ನಾಯಿ ಮಸಿ, ನಾಲ್ಕು ಬೆರಳು. ಅದೇ ಪರಿಚಯದ ‘ಧುಂ’. ಹೋಗಿ ನೋಡಿದರೆ ಗುಂಡು ಎರಡನೇ ಹಲಗೆಯಲ್ಲಿ ಸಿಕ್ಕಿಕೊಂಡಿತ್ತು. ಆಮೇಲೆ ಗಂಟೆ ಮಸಿ, ಅದೇ ನಾಲ್ಕು ಬೆರಳು.

‘ಧುಂ’ ಅಲ್ಲ, ‘ಛಟ್!’ ಒಣಗಿದ ಬಿದಿರು ಸೀಳಿದ ಹಾಗೆ. ಗಾಡಿಯೇ ಹಿಂದಕ್ಕೆ ಜಗ್ಗಿತು. ಮೂರೂ ಹಲಗೆ ತೂತಾಗಿ ಗುಂಡು ಧರೆಯ ಮಣ್ಣಿನಲ್ಲಿ ಹೂತುಹೋಗಿತ್ತು. ಹೊಗೆ ಮಾತ್ರ ಅರ್ಧದಷ್ಟೂ ಇರಲಿಲ್ಲ.

“ಸಣ್ಣ ಕಾಳು, ಒಂದೇ ಉಸಿರಿಗೆ ಉರೀತದೆ” ಅಂದರು ಮಾವ. “ಒಣಗಿದ್ರೆ ಇದು ನಾಯಿಗಿಂತ ಸಿಟ್ಟಿನ ಮಸಿ. ನಾಲ್ಕೇ ಹೆಚ್ಚು, ಹಳೇ ನಳಿಗೆಗೆ ಮೂರು ಸಾಕು. ಐದು ಹಾಕಿದ್ರೆ ನಳಿಗೆ ಬಾಯಿ ಬಿಟ್ಟು ಹೂವಾಗ್ತದೆ.” ಆಮೇಲೆ ನನ್ನ ಕಡೆ ತಿರುಗಿ, ಮಬ್ಬು ಕಣ್ಣಲ್ಲೇ ದಿಟ್ಟಿಸಿ ಕೇಳಿದರು. “ಐದು ಅಂತ ಯಾರ್ಯಾರಿಗೆ ಹೇಳಿದ್ಯೋ?”

ನನ್ನ ಕಣ್ಣ ಮುಂದೆ ಬಂದದ್ದು ಆ ಅಮ್ಮನ ಕೋವಿ. ಉಳಿದವರ ನಳಿಗೆಗಳು ಗಟ್ಟಿಯಿದ್ದವು, ಅವಳದ್ದು ತೆಳ್ಳಗೆ. ಭತ್ತ ಹಾಲುದುಂಬುವ ಹೊತ್ತು, ಹಂದಿ ಇಳಿಯುವ ಹೊತ್ತು. ಮಳೆಯೂ ಬಿಟ್ಟಿದೆ, ಮಸಿ ಒಣಗಿರುತ್ತದೆ. ಅವಳು ಕೋವಿಯನ್ನು ಕೆನ್ನೆಗೊತ್ತಿ ಕುದುರೆ ಎಳೆಯುವುದೊಂದೇ ಬಾಕಿ.

“ಕಾಗದ ಬರೀಲಾ ಮಾವ?”

“ಕಾಗದ ಹೋಗೋದ್ರೊಳಗೆ ಹಂದಿ ಹೋಗಿರ್ತದೆ. ನಡಿ.”

ಅದೇ ಮಧ್ಯಾಹ್ನದ ಬಸ್ಸು ಹತ್ತಿದೆ. ಹೊಸನಗರದಲ್ಲಿ ಬಸ್ಸು ನಿಂತಾಗ ಎಲ್ಲರೂ ಇಳಿದು ಚಾ ಕುಡಿದರು, ನಾನು ಡ್ರೈವರನ ಮುಖ ನೋಡುತ್ತಾ ನಿಂತಿದ್ದೆ. “ಯಾರಿಗಾದ್ರೂ ಹುಷಾರಿಲ್ವಾ?” ಅಂತ ಆತ ಕೇಳಿದ. ಇನ್ನೂ ಇಲ್ಲ ಅಂದೆ. ಆತ ವಿಚಿತ್ರವಾಗಿ ನೋಡಿ ಸೀಟು ಹತ್ತಿದ. ಸಾಗರದಲ್ಲಿ ಇಳಿದು, ಬೆಳಗಾಗುತ್ತಲೇ ಹಿನ್ನೀರಿನ ದಡಕ್ಕೆ ಹೋಗಿ, ಮೊದಲ ಲಾಂಚಿನಲ್ಲಿ ದಾಟಿದೆ. ನೀರಿನ ಮಧ್ಯೆ ಸತ್ತ ಮರಗಳ ತುದಿಗಳು ಇನ್ನೂ ನಿಂತಿದ್ದ ಕಾಲ ಅದು. ಆ ಕಡೆ ದಡದಿಂದ ಎರಡು ಗಂಟೆ ನಡಿಗೆ. ದಾರಿಯಲ್ಲಿ ಎದುರಾದವರನ್ನೆಲ್ಲ ಕೇಳಿದೆ, ಆ ಅಮ್ಮ ಹೇಗಿದ್ದಾಳೆ ಅಂತ. “ಅದಕ್ಕೆಂತ ಆಗ್ತದೆ, ಗಟ್ಟಿ ಕುಳ” ಅಂತ ಒಬ್ಬ ಅಂದ. ಆದರೂ ಕಾಲು ನಿಧಾನವಾಗಲಿಲ್ಲ.

ಅವಳು ಅಂಗಳದಲ್ಲಿ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು. ಎರಡು ಕಣ್ಣು, ಎರಡು ಕೈ, ಎಲ್ಲ ಇದ್ದವು. ನಾನು ಅಲ್ಲೇ ಜಗಲಿ ಕಟ್ಟೆಯ ಮೇಲೆ ಕೂತೆ.

“ಎಂತ ಆಚಾರಿ, ಇಲ್ಲೀವರೆಗೂ ಬಂದ್ಯಲ? ಯಾರಾದ್ರೂ ಅಟ್ಟಿಸ್ಕೊಂಡು ಬಂದ್ರಾ?”

“ಕೋವಿ ಎಲ್ಲಿ ಅಮ್ಮಾ?”

“ಮೂಲೇಲಿ. ಮುಟ್ಬೇಡ, ಈಡು ತುಂಬಿದೆ. ಇವತ್ತು ಸಂಜೆ ಗದ್ದೆ ಕಾಯೋಕೆ ಮಾಳಕ್ಕೆ ಹೋಗ್ಬೇಕು. ನಿನ್ನೆ ಇಪ್ಪತ್ತು ಹೆಜ್ಜೆ ಗದ್ದೆ ಉತ್ತು ಹಾಕಿದ್ದಾವೆ, ಮುಂಡೇವು.”

“ಎಷ್ಟು ಬೆರಳು ಹಾಕಿದ್ರಿ?”

“ನೀನು ಹೇಳಿದ್ದಷ್ಟೇ. ಐದು. ನಿನ್ನ ಮಾತು ಮೀರ್ತೀನಾ?”

ಒಳಗೆ ಹೋಗಿ ಮೊದಲು ಕೇಪು ತೆಗೆದೆ. ಅದು ಕೈಗೆ ಬಂದ ಮೇಲೇ ಉಸಿರು ಬಿಟ್ಟದ್ದು. ಕೋವಿಯನ್ನು ಅಂಗಳಕ್ಕೆ ತಂದು, ಬಾಯಿಯನ್ನು ಕಾಡಿನ ಕಡೆಗೆ ಮಾಡಿ ಗಜ ಇಳಿಸಿದೆ. ಚಾಚಿದ ಭಾಗಕ್ಕೆ ನನ್ನ ಬಲಗೈ ಬೆರಳುಗಳನ್ನು ಅಡ್ಡ ಹಿಡಿದೆ. ಒಂದು, ಎರಡು, ಮೂರು, ನಾಲ್ಕು. ಎಡಗೈಯ ಬೆರಳಿಗೆ ಜಾಗವೇ ಇರಲಿಲ್ಲ. ಇನ್ನೊಂದು ಸಲ ನೋಡಿದೆ. ನಾಲ್ಕೇ.

“ಇದು ನಾಲ್ಕೇ ಇದೆಯಲ್ಲ ಅಮ್ಮಾ.”

“ಎಂತ ನಾಲ್ಕು? ಶಾಲೆಗೆ ಹೋಗ್ಲಿಲ್ವಾ ನೀನು?” ಅಂತ ಎದ್ದು ಬಂದು ಅವಳು ತನ್ನ ಕೈ ಅಡ್ಡ ಹಿಡಿದಳು. ಬಲಗೈಯ ನಾಲ್ಕು, ಮೇಲೆ ಎಡಗೈಯ ಒಂದು. ಸರಿಯಾಗಿ ಐದು. ಸಣಕಲು ಬೆರಳುಗಳು, ಗಂಟು ಗಂಟಾಗಿ, ಬಿದಿರಿನ ಕಡ್ಡಿಯ ಹಾಗೆ. ಪಕ್ಕದಲ್ಲಿ ನನ್ನ ಬೆರಳು, ಇಪ್ಪತ್ತು ವರ್ಷ ಸುತ್ತಿಗೆ ಹಿಡಿದು ಬಾಳೆಕಾಯಿಯಂತೆ ಊದಿದ್ದು.

ಇಷ್ಟು ಕಾಲ ನಾವೆಲ್ಲ ನಾಲ್ಕು ಬೆರಳು ಅನ್ನುತ್ತಾ ಬಂದಿದ್ದೆವು. ಯಾರ ಬೆರಳು ಅಂತ ಯಾರೂ ಕೇಳಿರಲಿಲ್ಲ. ನಾಯಿ ಮಸಿ ಸಮಾಧಾನದ ಮಸಿ, ಒಂದು ಬೆರಳು ಹೆಚ್ಚಾದರೂ ಕಮ್ಮಿಯಾದರೂ ಸಹಿಸಿಕೊಳ್ಳುತ್ತಿತ್ತು. ಅದರ ಒಳ್ಳೆಯತನ ನಮ್ಮ ತಪ್ಪುಗಳನ್ನೆಲ್ಲ ಮುಚ್ಚಿಟ್ಟಿತ್ತು. ಗಂಟೆ ಮಸಿಗೆ ಆ ಸಮಾಧಾನ ಇರಲಿಲ್ಲ.

ಗಜದ ತುದಿಗೆ ತಿರುಪು ಮುಳ್ಳು ಸಿಕ್ಕಿಸಿ ಕತ್ತ, ಗುಂಡು, ಮಸಿ ಎಲ್ಲವನ್ನೂ ಹೊರಗೆ ತೆಗೆದೆ. ಮಸಿಯನ್ನು ಬಾಳೆಲೆಯ ಮೇಲೆ ಹರಡಿ ನಾಲ್ಕು ಪಾಲು ಮಾಡಿ, ಒಂದು ಪಾಲು ಪಕ್ಕಕ್ಕೆ ಸರಿಸಿದೆ. ಉಳಿದ ಮೂರು ಪಾಲನ್ನು ತೋರಿಸಿ ಹೇಳಿದೆ, “ನಿಮ್ಮ ಕೋವಿಗೆ ಇಷ್ಟೇ. ಇದರ ಮೇಲೆ ಒಂದು ಕಾಳೂ ಬೇಡ. ನಾನು ತಪ್ಪು ಹೇಳಿದ್ದೆ ಅಮ್ಮಾ.”

ಅಲ್ಲಿಯವರೆಗೆ ಆ ಕೊನೇ ಮಾತನ್ನು ಮಾವನೊಬ್ಬರಿಗೆ ಬಿಟ್ಟು ಯಾವ ಗಿರಾಕಿಯ ಮುಂದೂ ಆಡಿದವನಲ್ಲ. ಅವಳು ಎಲೆಯ ಮೇಲಿನ ಪಾಲುಗಳನ್ನೂ ತನ್ನ ಬೆರಳುಗಳನ್ನೂ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ.

“ಇಷ್ಟು ದಿನ ಐದೈದು ಹಾರ್ಸಿದ್ರೂ ನನ್ನ ಬೆರಳು ಸಣ್ಣ ಇದ್ದಿದ್ದಕ್ಕೆ ಉಳಿದೆ ಅನ್ನು. ದಪ್ಪ ಬೆರಳಿನವ್ರು ಎಷ್ಟು ಜನಕ್ಕೆ ಹೇಳಿದೀಯ?”

ಮಾವ ಕೇಳಿದ ಪ್ರಶ್ನೆಯೇ. “ಬಂದೋರಿಗೆಲ್ಲ.”

“ಹಂಗಾದ್ರೆ ನಂಗೊಬ್ಬಳಿಗೆ ಹೇಳಿ ಹೋದ್ರೆ ಆಗ್ತದಾ? ಲಾಂಚಲ್ಲಿ ಹೇಳು. ಸಂತೇಲಿ ಹೇಳು. ಇದೇ ಬಾಯಲ್ಲಿ ಹೇಳು. ಈಗ ಊಟ ಮಾಡು.”

ಆ ಒಂದು ಪಾಲು ಮಸಿಯನ್ನು ನೀರಿಗೆ ಚೆಲ್ಲಿದೆ. ಅವಳ ಮೂರು ಪಾಲಿನ ಸಮಕ್ಕೆ ಒಂದು ಬಿದಿರಿನ ಅಂಡೆ ಕೊಯ್ದು, ಅದನ್ನು ಅಳತೆಗೆ ಸಂಚಿಯಲ್ಲಿ ಇಟ್ಟುಕೊಂಡೆ. ಹೊರಡುವಾಗ ಅವಳು ಕೋವಿಗೆ ಮೂರೇ ಪಾಲು ತುಂಬಿ ಮೂಲೆಗೆ ಒರಗಿಸಿದ್ದಳು. ವಾಪಸ್ಸು ಬರುವ ಲಾಂಚಿನಲ್ಲಿ ಕೋವಿ ಇದ್ದವರು ಇಬ್ಬರಿದ್ದರು. ಅವಳ ಮಾತು ಬೆನ್ನು ಹತ್ತಿತ್ತು, ಎದ್ದು ನಿಂತು ಹೇಳಿದೆ.

“ಏನು ಆಚಾರ್ರೆ, ಬೆರಳೆಣಿಕೆ ಮರ್ತೋಯ್ತಾ?” ಅಂತ ಒಬ್ಬ.

“ಮರೆತಿರಲಿಲ್ಲ. ಕಲಿತೇ ಇರಲಿಲ್ಲ” ಅಂದೆ. ಲಾಂಚು ಪೂರಾ ನಕ್ಕಿತು. ನಗಲಿ ಬಿಡು ಅನ್ನಿಸಿತು. ಆ ಇಬ್ಬರೂ ಅವತ್ತಿನಿಂದ ಮಳೆಬೆರಳು ಬಿಟ್ಟರು, ನನಗೆ ಬೇಕಾಗಿದ್ದು ಅಷ್ಟೇ.

ಆಮೇಲಿನ ಎರಡು ತಿಂಗಳು ಸೈಕಲ್ಲಿನಲ್ಲಿ, ಬಸ್ಸಿನಲ್ಲಿ, ನಡೆದು, ಹೇಳಿದವರ ಮನೆಗೆಲ್ಲ ಹೋದೆ. ಅರಳಸುರಳಿಯ ಹತ್ತಿರ ಒಬ್ಬರ ನಳಿಗೆ ಆಗಲೇ ನಡುವೆ ಉಬ್ಬಿತ್ತು, ಹಾವು ಇಲಿ ನುಂಗಿದ ಹಾಗೆ. ಮನುಷ್ಯನಿಗೆ ಏನೂ ಆಗಿರಲಿಲ್ಲ. ಆ ನಳಿಗೆಯನ್ನು ನನ್ನ ಖರ್ಚಿನಲ್ಲೇ ಬದಲಾಯಿಸಿಕೊಟ್ಟೆ. ಉಬ್ಬಿದ ತುಂಡನ್ನು ಕುಲುಮೆಯ ಬಾಗಿಲಿಗೆ ತೂಗುಹಾಕಿದೆ. ಅದರ ಕೆಳಗೆ ಹಲಗೆಯ ಮೇಲೆ ಸುಣ್ಣದಲ್ಲಿ ನಾನೇ ಬರೆದೆ: ‘ಗಂಟೆ ಮಸಿಗೆ ಮಳೆಬೆರಳು ಬೇಡ.’ ಳ ಅಕ್ಷರ ತಿರುಗಾಮುರುಗಾ ಆಗಿತ್ತಂತೆ. ಪಕ್ಕದ ಶಾಲೆಯ ಮೇಷ್ಟರು ಬಂದು ತಿದ್ದಲಾ ಅಂತ ಕೇಳಿದರು. ಇರಲಿ ಬಿಡಿ ಮೇಷ್ಟ್ರೇ, ಅಕ್ಷರ ತಪ್ಪಿದ್ರೆ ಯಾರ ಕಣ್ಣೂ ಹೋಗೋದಿಲ್ಲ ಅಂದೆ. ಅದೇ ನನ್ನ ಮೊದಲ ಬೋರ್ಡು.

ಆ ಬಿದಿರಿನ ಅಂಡೆಯನ್ನು ನೋಡಿಕೊಂಡು ಎಮ್ಮೆಯ ಕೋಡಿನಲ್ಲಿ ಅಳತೆಗಳನ್ನು ಮಾಡತೊಡಗಿದೆ. ಬೆರಳಿನ ಮಾತೇ ಇಲ್ಲ. ಕೋವಿ ನೋಡಿ, ನಳಿಗೆ ನೋಡಿ, ಆ ಕೋವಿಗೆ ಇಷ್ಟು ಅಂತ ಕೊಯ್ದು ಕೊಡುವುದು. ತುಂಬಿ, ಮೇಲೆ ಕಡ್ಡಿಯಲ್ಲಿ ಸವರಿ ಸಮ ಮಾಡಿ, ಸುರಿದರೆ ಆಯಿತು. ತೆಳ್ಳಗಿನ ನಳಿಗೆಯ ಅಳತೆಗೆ ಗಿರಾಕಿಗಳು ತಾವೇ ಒಂದು ಹೆಸರು ಇಟ್ಟರು, ‘ಅಮ್ಮನ ಅಳತೆ.’ ಲಾಂಚಿನಲ್ಲಿ ಕೇಳಿದವರು ಹಬ್ಬಿಸಿದ್ದಿರಬೇಕು.

ನಾಯಿ ಮಸಿಯ ಆಸೆ ಮಾತ್ರ ಹೋಗಲಿಲ್ಲ. ಮಾವ ತೀರಿಕೊಂಡ ಮೇಲೆ ಆ ಕೊನೆಯ ಡಬ್ಬಿ ನನ್ನ ಪಾಲಿಗೆ ಬಂತು, ತಳದಲ್ಲಿ ಒಂದು ಹಿಡಿಯಷ್ಟು ಉಳಿದಿತ್ತು. ಹಾರಿಸಲು ಮನಸ್ಸಾಗಲಿಲ್ಲ. ಆಯುಧಪೂಜೆಯ ದಿನ ಒಮ್ಮೆ ಮುಚ್ಚಳ ತೆಗೆದು ಮೂಸುತ್ತೇನೆ, ಮುಚ್ಚಿಡುತ್ತೇನೆ. ಅಷ್ಟರಲ್ಲೇ ತೀರ್ಥಹಳ್ಳಿಯ ಆ ಹಿತ್ತಿಲು, ಆ ಧರೆ, ಎಲೆಗೆ ಸುಣ್ಣ ಹಚ್ಚುವ ಆ ಬೆರಳುಗಳು ಬಂದುಹೋಗುತ್ತವೆ.

ಎರಡು ವರ್ಷ ಬಿಟ್ಟು ಆ ಅಮ್ಮ ಮತ್ತೆ ಸಾಗರಕ್ಕೆ ಬಂದಿದ್ದಳು, ಕೋವಿಯ ಹಿಡಿ ಸಡಿಲವಾಗಿದೆ ಅಂತ. ಅವಳು ಕಟ್ಟೆಯ ಮೇಲೆ ಕೂತಿರುವಾಗಲೇ ಯಾರೋ ಹೊಸಬ ಬಂದು, “ಆಚಾರ್ರೆ, ನಂಗೊಂದು ಅಮ್ಮನ ಅಳತೆ ಮಾಡಿಕೊಡಿ” ಅಂದ.

“ಯಾವ ಅಮ್ಮನೋ ಅದು?” ಅಂತ ಅವಳು ಕೇಳಿದಳು.

ನಾನು ಗೂಡಿನಿಂದ ಕೋಡಿನ ಅಳತೆಯೊಂದನ್ನು ತೆಗೆದು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಪಕ್ಕದಲ್ಲಿ ತನ್ನ ಬೆರಳುಗಳನ್ನು ಒಂದೊಂದಾಗಿ ಅಡ್ಡ ಹಿಡಿದು ಎಣಿಸಿದಳು. ಆಮೇಲೆ ಆ ಹೊಸಬನ ಕೈಗೆ ಅದನ್ನು ಕೊಟ್ಟು ಹೇಳಿದಳು, “ತಗಾ. ಇದ್ರ ಮೇಲೆ ಆಚಾರಿ ಏನಾದ್ರೂ ಹೇಳಿದ್ರೆ ಕೇಳ್ಬೇಡ.”